ಒತ್ತಿದರೆ ಮಾಯ: ಉಗುರಿನಡಿಯ ಗಂಟಿನ ಸ್ಕ್ಯಾನಿಂಗ್

ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿಕೊಂಡು ನಾಲ್ಕು ರಾತ್ರಿ ಕಳೆದ ಮೇಲೂ ನೋವು ಇಳಿಯದಿದ್ದರೆ, ಇದು ಉಗುರುಸುತ್ತು ಅಲ್ಲವೇನೋ ಎಂಬ ಅನುಮಾನ ಮನೆಯವರಿಗೇ ಬರುತ್ತದೆ. ಚಿಕ್ಕಮಗಳೂರಿನ ಸ್ಕ್ಯಾನಿಂಗ್ ಕೋಣೆಗೆ ಉಗುರಿನ ನೋವು ಹೊತ್ತು ಬರುವವರು ಸಾಮಾನ್ಯವಾಗಿ ಈ ಹಂತ ದಾಟಿಯೇ ಬಂದಿರುತ್ತಾರೆ. ನಿಂಬೆ, ಅರಿಶಿನ-ಸುಣ್ಣ, ಆಮೇಲೆ ಆಂಟಿಬಯೋಟಿಕ್, ಆಮೇಲೆ ನರದ ಮಾತ್ರೆ, ಕೆಲವರಿಗೆ ಕುತ್ತಿಗೆಯ ಎಕ್ಸ್‌ರೇ ಕೂಡ. ಕೊನೆಗೆ ಚರ್ಮದ ಡಾಕ್ಟರೋ ಮೂಳೆ ಡಾಕ್ಟರೋ ಚೀಟಿಯಲ್ಲಿ ಬರೆಯುತ್ತಾರೆ: ಬಲಗೈ ಉಂಗುರ ಬೆರಳು, ಉಗುರಿನ ಅಲ್ಟ್ರಾಸೌಂಡ್, ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಸಹಿತ. ಈ ಚೀಟಿ ಹಿಡಿದು ಬಂದ ಬೆರಳು ನಮ್ಮ ಮೇಜಿನ ಮೇಲೆ ಏನೇನು ದಾಟುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಚೀಟಿ ತಂದವರು ಬೆಳಗ್ಗೆಯಿಂದ ಏನೂ ತಿಂದಿರುವುದಿಲ್ಲ. ಸ್ಕ್ಯಾನಿಂಗ್ ಎಂದರೆ ಖಾಲಿ ಹೊಟ್ಟೆ, ನಾಲ್ಕು ಲೋಟ ನೀರು ಎಂದೇ ಎಲ್ಲರ ತಲೆಯಲ್ಲಿ ಕೂತಿದೆ. ಉಗುರಿಗೆ ಅದ್ಯಾವುದೂ ಬೇಡ, ತಿಂಡಿ ತಿಂದೇ ಬನ್ನಿ. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ನೋಡಿ, ಯಾವ ಫಾರಂ ತುಂಬಬೇಕು ಎಂದು ಹೆಂಗಸರು ಕೇಳುವುದುಂಟು. ಫಾರಂ ‘ಎಫ್’ ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಮಾತ್ರ. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇನ್ನೊಂದು ರೀತಿಯಲ್ಲಿ ಉಗುರಿನವರೆಗೂ ಬರುತ್ತದೆ. ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾದ ಜಾಗದಲ್ಲೇ ಇರಬೇಕು. ಸಣ್ಣ ಯಂತ್ರವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಕೊಪ್ಪದ ಚರ್ಮದ ಕ್ಲಿನಿಕ್ಕಿಗೆ ಹೋಗಿ ನಾಲ್ಕು ಉಗುರು ನೋಡಿ ಬರೋಣ ಎಂದರೆ ಆಗುವುದಿಲ್ಲ. ಬೆರಳೇ ಇಲ್ಲಿಗೆ ಬರಬೇಕು.

ಬೆರಳು ಬಂದ ಮೇಲೂ ಮೊದಲ ಕೆಲಸ ಯಂತ್ರದ್ದಲ್ಲ, ಬಿಸಿನೀರಿನದು. ಮಾಗಿ ಚಳಿಯಲ್ಲಿ ಮೂಡಿಗೆರೆಯಿಂದಲೋ ಬಾಳೆಹೊನ್ನೂರಿನಿಂದಲೋ ಮೊದಲ ಬಸ್ಸು ಹತ್ತಿ ಬಂದವರ ಬೆರಳ ತುದಿ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ತಣ್ಣಗಿನ ಬೆರಳಿನಲ್ಲಿ ಸಣ್ಣ ರಕ್ತನಾಳಗಳು ಮುದುಡಿರುತ್ತವೆ. ಆಗ ಡಾಪ್ಲರ್ ಹಾಕಿದರೆ ಏನೂ ತೊಂದರೆಯಿಲ್ಲದ ಉಗುರಿನಡಿಯೂ ಬಣ್ಣವೇ ಕಾಣುವುದಿಲ್ಲ. ‘ರಕ್ತಸಂಚಾರವಿಲ್ಲದ ಗಂಟು’ ಎಂದು ಆ ಹೊತ್ತಿನಲ್ಲಿ ಬರೆದುಬಿಟ್ಟರೆ ಮುಂದಿನದೆಲ್ಲ ಅಡ್ಡದಾರಿ. ಹಾಗಾಗಿ ಎರಡೂ ಕೈಯನ್ನು ಹಿತವಾದ ಬೆಚ್ಚಗಿನ ನೀರಿನಲ್ಲಿ 10 ನಿಮಿಷ ಇರಿಸುತ್ತೇವೆ. ಉಗುರು ಬಿಳಿಚಿಕೊಂಡಿದ್ದರೆ ಇನ್ನೊಂದು 5 ನಿಮಿಷ. ಹೊರಗೆ ನಿಂತು ಬೀಡಿ ಸೇದಿ ಒಳಗೆ ಬಂದವರನ್ನು ಅರ್ಧ ಗಂಟೆ ಕೂರಿಸುತ್ತೇವೆ, ನಿಕೋಟಿನ್ ಕೂಡ ಬೆರಳ ನಾಳಗಳನ್ನು ಬಿಗಿ ಮಾಡುತ್ತದೆ. ಕಾಫಿಯ ವಿಷಯ ಈ ಊರಿನಲ್ಲಿ ಎತ್ತುವ ಧೈರ್ಯ ನಮಗಿಲ್ಲ. ಜೆಲ್ ಬಾಟಲಿಯೂ ಅದೇ ಬೆಚ್ಚಗಿನ ನೀರಿನಲ್ಲಿ, ತಲೆಕೆಳಗಾಗಿ ನಿಂತಿರುತ್ತದೆ. ತಲೆಕೆಳಗಾಗಿಟ್ಟರೆ ಜೆಲ್ ಮೂತಿಗೆ ಇಳಿದಿರುತ್ತದೆ, ಹಿಂಡುವಾಗ ಗಾಳಿಗುಳ್ಳೆ ಸೇರುವುದಿಲ್ಲ.

ಬೆರಳು ಬೆಚ್ಚಗಾಗುವ ಹೊತ್ತಿನಲ್ಲಿ ಕೇಳುವುದು, ನೋಡುವುದು. ‘ನಲ್ಲಿ ನೀರು ಬಿದ್ರೆ ಸಾಕು ಡಾಕ್ಟ್ರೇ, ಮೊಣಕೈ ತನಕ ಸೆಳೀತದೆ’ ಎಂಬ ಮಾತು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ತಡೆಯಲಾಗದ ನೋವು, ತಣ್ಣೀರು ತಾಗಿದರೆ ಹೆಚ್ಚುವುದು, ಒಂದೇ ಚುಕ್ಕೆಯಷ್ಟು ಜಾಗ ಮುಟ್ಟಿದರೆ ಜೀವ ಹೋಗುವುದು, ಈ ಮೂರೂ ಕೂಡಿದರೆ ಗ್ಲೋಮಸ್ ಗಂಟಿನ ಅನುಮಾನ ಬಲವಾಗುತ್ತದೆ. ಗ್ಲೋಮಸ್ ಎಂಬುದು ಬೆರಳ ತುದಿಯಲ್ಲಿ ಬಿಸಿ-ತಂಪಿಗೆ ತಕ್ಕಂತೆ ರಕ್ತದ ಹರಿವನ್ನು ಹೆಚ್ಚು-ಕಡಿಮೆ ಮಾಡುವ ಪುಟ್ಟ ನಾಳದ ಗೊಂಚಲು. ಅದೇ ಬೆಳೆದು ಗಂಟಾದಾಗ ಚಳಿ ತಾಗಿದರೆ ಕೂಗಿಕೊಳ್ಳುವುದು ಸಹಜವೇ. ಇದರ ಅಂಗರಚನೆಯನ್ನು ಬಿಡಿಸಿ ಹೇಳಿದವರು ಫ್ರೆಂಚ್ ರೋಗಶಾಸ್ತ್ರಜ್ಞ ಪಿಯರ್ ಮಾಸ್ಸೋನ್, 1924ರಲ್ಲಿ. ಕ್ಯಾನ್ಸರ್ ಆಗುವುದು ಬಹಳ ಅಪರೂಪ. ಕೈಯಲ್ಲಿ ಹುಟ್ಟುವ ಗ್ಲೋಮಸ್ ಗಂಟುಗಳಲ್ಲಿ ಹೆಚ್ಚಿನವು ಉಗುರಿನಡಿಯಲ್ಲೇ ಇರುತ್ತವೆ.

ನೋಡುವುದರಲ್ಲಿ ಮೊದಲ ಅಡ್ಡಿ ಬಣ್ಣ. ನೈಲ್ ಪಾಲಿಶ್ ತೆಗೆದು ಬಿಡಬಹುದು. ಗೋರಂಟಿ, ಅರಿಶಿನ ಹಾಗೆ ಹೋಗುವುದಿಲ್ಲ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಗೋರಂಟಿ ಪೂರ್ತಿ ಕತ್ತರಿಸಿ ಹೋಗಲು ಆರು ತಿಂಗಳು ಹಿಡಿಯುತ್ತದೆ. ಮದುವೆ ಸೀಸನ್ನಿನಲ್ಲಿ ಬಂದ ಬೆರಳಾದರೆ ಗಂಟಿದ್ದರೆ ಉಗುರಿನ ಉದ್ದಕ್ಕೆ ಕಾಣಬಹುದಾದ ತೆಳು ಕೆಂಪು ಗೆರೆ ಕೆಂಪಿನಲ್ಲೇ ಮುಚ್ಚಿಹೋಗಿರುತ್ತದೆ. ಆಗ ಬೆರಳನ್ನು ಎದುರಿಗೆ ತಿರುಗಿಸಿ ಉಗುರಿನ ತುದಿಯಂಚನ್ನು ಭೂತಗನ್ನಡಿಯಿಂದ ನೋಡುತ್ತೇವೆ. ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದ್ದರೆ, ಅದರ ನೇರಕ್ಕೆ ಹಿಂದೆ ಬುಡದಲ್ಲಿ ಏನೋ ಒತ್ತುತ್ತಿದೆ ಎಂದರ್ಥ. ಅಂಚು ದಪ್ಪವಾಗಿ, ಹಳದಿಯಾಗಿ, ಜೇನುಗೂಡಿನಂತೆ ಸಣ್ಣ ತೂತುಗಳಿದ್ದರೆ ಲೆಕ್ಕ ಬೇರೆ. ಉಗುರಿನ ಮೇಲೆ ಬುಡದಿಂದ ತುದಿಯವರೆಗೆ ಕಾಲುವೆಯಂಥ ತಗ್ಗು ಇದ್ದರೆ ಅದೂ ಬೇರೆ. ಅವುಗಳ ವಿಷಯ ಮುಂದೆ ಬರುತ್ತದೆ.

ಆಮೇಲೆ ಚುಕ್ಕೆ ಹುಡುಕುವುದು. ಗುಂಡುಪಿನ್ನಿನ ತಲೆಯಿಂದ ಉಗುರಿನ ಮೇಲೆ ಒಂದೊಂದೇ ಮಿಲಿಮೀಟರ್ ಸರಿಸುತ್ತ ಮೆಲ್ಲಗೆ ಒತ್ತುತ್ತೇವೆ. ಗಂಟಿನ ನೇರಕ್ಕೆ ಬಂದಾಗ ರೋಗಿ ಕೈ ಕಿತ್ತುಕೊಳ್ಳುತ್ತಾರೆ. ಪಕ್ಕದ ಮಿಲಿಮೀಟರಿನಲ್ಲಿ ಏನೂ ಇಲ್ಲ. 1944ರಿಂದ ಇದಕ್ಕೆ ಲವ್ ಪರೀಕ್ಷೆ ಎಂಬ ಹೆಸರು, ಅದನ್ನು ಹೇಳಿಕೊಟ್ಟ ವೈದ್ಯರ ಹೆಸರು ಅದು, ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ನೋವಿನ ಜಾಗಕ್ಕೆ ಬಾಲ್‌ಪೆನ್ನಿನಲ್ಲಿ ಚುಕ್ಕೆ ಇಡುತ್ತೇವೆ. ಅದಾದ ಮೇಲೆ ಬಿ.ಪಿ. ಪಟ್ಟಿ ತೋಳಿಗೆ ಸುತ್ತಿ, ಕೈ ಎತ್ತಿಸಿ ರಕ್ತ ಇಳಿಸಿ, ರೋಗಿಯ ಮೇಲಿನ ಬಿ.ಪಿ.ಗಿಂತ ಹೆಚ್ಚು ಒತ್ತಡ ತುಂಬಿದರೆ ಆ ಚುಕ್ಕೆ ಒತ್ತಿದರೂ ನೋಯುವುದಿಲ್ಲ. ಗಾಳಿ ಬಿಟ್ಟ ಕೂಡಲೇ ನೋವು ತಿರುಗಿ ಬರುತ್ತದೆ. ಇದು ಹಿಲ್‌ಡ್ರೆತ್ ಪರೀಕ್ಷೆ. ಇದನ್ನು ನಾವು ಎಲ್ಲರಿಗೂ ಮಾಡುವುದಿಲ್ಲ. ಮೊದಲೇ ನೊಂದು ಬಂದವರಿಗೆ ಗುಂಡುಪಿನ್ನೇ ಸಾಕಷ್ಟು ಶಿಕ್ಷೆ.

ಈಗ ಯಂತ್ರ. ಥೈರಾಯ್ಡ್ ನೋಡುವ ಉದ್ದನೆಯ ಲೀನಿಯರ್ ಪ್ರೋಬ್ (ಮೈಗೆ ತಾಗಿಸುವ ಹಿಡಿ) ಎಲ್ಲ ಕಡೆ ಇರುತ್ತದೆ, ಅದರಲ್ಲೇ ಉಗುರನ್ನೂ ನೋಡಿ ಮುಗಿಸಬಹುದು ಎಂದುಕೊಳ್ಳುವುದು ಸುಲಭ. ಲೆಕ್ಕ ಹಾಕಿ ನೋಡಿ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 7.5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 0.2 ಮಿ.ಮೀ., 15ರಲ್ಲಿ 0.1 ಮಿ.ಮೀ. ಕೈಯುಗುರಿನ ದಪ್ಪವೇ ಅರ್ಧ ಮಿ.ಮೀ. ಆಸುಪಾಸು. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಉಗುರಿನ ಮೇಲ್ಪದರ-ಕೆಳಪದರ ಎರಡೂ ಬೆಸೆದು ಒಂದೇ ದಪ್ಪ ಗೆರೆಯಾಗುತ್ತದೆ, ಅದರ ಕೆಳಗಿನ 2 ಮಿ.ಮೀ. ಗಂಟು ಹೊಗೆಯಂತೆ ಕರಗುತ್ತದೆ. 15 ಮೆಗಾಹರ್ಟ್ಸ್ ಕನಿಷ್ಠ, 18 ಅಥವಾ ಹೆಚ್ಚಾದರೆ ನೆಮ್ಮದಿ. ಆಳ ನೋಡುವ ಶಕ್ತಿ ಕಡಿಮೆಯಾಯಿತೆಂದು ಚಿಂತೆ ಬೇಡ. ಇಡೀ ಬೆರಳ ದಪ್ಪವೇ ಒಂದೂವರೆ ಸೆಂಟಿಮೀಟರ್. ಹಾಕಿ ಕೋಲಿನ ಆಕಾರದ ಸಣ್ಣ ಪ್ರೋಬ್ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತೇವೆ. ಅದರ ಮೂತಿ ಸುಮಾರು 25 ಮಿ.ಮೀ., ಉಗುರಿನ ಬಾಗಿಗೆ ಹೊಂದುತ್ತದೆ. 40-50 ಮಿ.ಮೀ. ಉದ್ದದ ಪ್ರೋಬನ್ನು ಅಡ್ಡ ಇಟ್ಟರೆ ಎರಡೂ ಕಡೆ ಗಾಳಿಯಲ್ಲಿ ತೂಗಾಡುತ್ತದೆ. ತೂಗಾಡುವುದನ್ನು ತಡೆಯಲು ಕೈ ತಾನಾಗಿ ಕೆಳಗೆ ಒತ್ತುತ್ತದೆ. ನಮ್ಮ ಕೆಲಸದಲ್ಲಿ ಅಲ್ಲಿಂದಲೇ ಕೆಡುಕು ಶುರು.

ಒತ್ತಡದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಉಗುರು ಗಟ್ಟಿ ಇದೆ, ಪ್ರೋಬಿನ ಭಾರ ಅದೇ ಹೊರುತ್ತದೆ ಎಂದು ಅನ್ನಿಸುತ್ತದೆ. ಹೊರುವುದಿಲ್ಲ. ಉಗುರಿಗೂ ತುದಿಮೂಳೆಗೂ ನಡುವೆ ಇರುವ ಮೆತ್ತನೆಯ ಹಾಸು ಸಾಮಾನ್ಯವಾಗಿ 1ರಿಂದ 2 ಮಿ.ಮೀ. ಕೆಳಗೆ ಮೂಳೆ, ಮೇಲೆ ಉಗುರು, ನಡುವೆ ಸಿಕ್ಕ ನಾಳಗಳು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ. ಪ್ರೋಬನ್ನು ಸುಮ್ಮನೆ ಉಗುರಿನ ಮೇಲೆ ಇಟ್ಟರೂ ನಿಧಾನ ಹರಿವಿನ ನಾಳಗಳು ಚಪ್ಪಟೆಯಾಗುತ್ತವೆ. ಗ್ಲೋಮಸ್ ಗಂಟಿನ ಗುರುತೇ ಅದರೊಳಗಿನ ರಕ್ತ. ಒತ್ತಿದರೆ ಆ ಗುರುತು ಮಾಯ. ಉಗುರಿನ ತುದಿ ಗುಲಾಬಿಯಿಂದ ಬಿಳಿಗೆ ತಿರುಗಿದರೆ ಒತ್ತಡ ಆಗಲೇ ಹೆಚ್ಚಾಗಿದೆ. ಆದ್ದರಿಂದ ಪರದೆ ನೋಡುವಷ್ಟೇ ಬೆರಳ ಬಣ್ಣವನ್ನೂ ನೋಡುತ್ತಿರಬೇಕು.

ದಾರಿ ಎರಡು. ಒಂದು, ಉಗುರಿನ ಮೇಲೆ ದಪ್ಪ ಜೆಲ್ಲಿನ ಗುಡ್ಡೆ, ಕನಿಷ್ಠ 5 ಮಿ.ಮೀ. ಎತ್ತರ. ಪ್ರೋಬ್ ಗುಡ್ಡೆಯ ಮೇಲೆ ತೇಲಬೇಕು, ಉಗುರು ಮುಟ್ಟಬಾರದು. ಪರದೆಯ ಮೇಲ್ಭಾಗದಲ್ಲಿ ಜೆಲ್ಲಿನ ಕಪ್ಪು ಪಟ್ಟಿ ಸದಾ ಕಾಣುತ್ತಿರಬೇಕು. ಆ ಪಟ್ಟಿ ಮಾಯವಾದರೆ ನೀವು ಒತ್ತುತ್ತಿದ್ದೀರಿ. ಜೆಲ್ಲಿಗೆ ಇನ್ನೊಂದು ಉಪಯೋಗವೂ ಇದೆ: ಪ್ರೋಬಿನ ಮೂತಿಗೆ ತಾಗಿದ ಮೊದಲ ಕೆಲವು ಮಿಲಿಮೀಟರಿನ ಚಿತ್ರ ಯಾವತ್ತೂ ಕಲಕಿರುತ್ತದೆ. ಉಗುರನ್ನು ಅಲ್ಲಿಂದ ಕೆಳಗೆ ತಳ್ಳಿದರೆ ಅದು ಫೋಕಸ್ಸಿನ ಹತ್ತಿರ ಬರುತ್ತದೆ. ನಮ್ಮ ಕೈ ನಡುಗದಿರಲು ಕಿರುಬೆರಳನ್ನು ರೋಗಿಯ ಕೈಗೆ ಊರಿಕೊಂಡು ಪ್ರೋಬನ್ನು ಪೆನ್ನಿನಂತೆ ಹಿಡಿಯುತ್ತೇವೆ.

ಎರಡನೆಯ ದಾರಿ ನೀರಿನ ಬೋಗುಣಿ. ಮುಟ್ಟಿದರೆ ಅಳುವವರಿಗೆ ಇದೇ ಸರಿ. ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ಉಗುರಿನಿಂದ ಒಂದು ಸೆಂಟಿಮೀಟರ್ ಮೇಲೆ ಪ್ರೋಬಿನ ಮೂತಿಯನ್ನು ನೀರಿನಲ್ಲಿ ಹಿಡಿದರೆ ಆಯಿತು, ಮುಟ್ಟುವ ಪ್ರಮೇಯವೇ ಇಲ್ಲ. ಕುದಿಸಿದ ನೀರೇ ಯಾಕೆಂದರೆ ನಲ್ಲಿಯಿಂದ ಆಗ ತಾನೇ ಹಿಡಿದ ನೀರಿನ ಗಾಳಿ ಸಣ್ಣ ಗುಳ್ಳೆಗಳಾಗಿ ಉಗುರಿಗೆ ಅಂಟಿಕೊಳ್ಳುತ್ತದೆ, ಪ್ರತಿ ಗುಳ್ಳೆಯ ಕೆಳಗೂ ಒಂದು ನೆರಳು. ಅಂಟಿದ್ದರೆ ಬೆರಳಿನಿಂದ ಸವರಿ ಬಿಡಬೇಕು. ಪ್ರೋಬನ್ನು ತಯಾರಕರು ಗುರುತು ಹಾಕಿದ ಗೆರೆಯ ಮೇಲೆ ಮುಳುಗಿಸುವಂತಿಲ್ಲ. ನೀರು ಕನೆಕ್ಟರಿನ ಕಡೆ ಹತ್ತಿದರೆ ಪ್ರೋಬ್ ಹೋಯಿತು, ಅದರ ಬೆಲೆಯಲ್ಲಿ ಒಂದು ಒಳ್ಳೆಯ ಬೈಕು ಬರುತ್ತದೆ.

ಸೆಟ್ಟಿಂಗು: ಡೆಪ್ತ್ ಜೆಲ್ ಸೇರಿ 1.5ರಿಂದ 2 ಸೆಂ.ಮೀ., ಫೋಕಸ್ ಒಂದೇ ಇಟ್ಟು ಉಗುರಿನ ಹಾಸಿನ ಮಟ್ಟಕ್ಕೆ. ಡಾಪ್ಲರಿನಲ್ಲಿ ವೇಗದ ಸ್ಕೇಲ್ ಸೆಕೆಂಡಿಗೆ 2ರಿಂದ 5 ಸೆಂ.ಮೀ., ವಾಲ್ ಫಿಲ್ಟರ್ (ನಿಧಾನ ಚಲನೆಯನ್ನು ಸೋಸಿ ತೆಗೆಯುವುದು) ಆದಷ್ಟು ಕೆಳಗೆ. ಥೈರಾಯ್ಡಿಗೋ ಕೈಕಾಲಿನ ದೊಡ್ಡ ನಾಳಕ್ಕೋ ಇಟ್ಟ ಸ್ಕೇಲನ್ನೇ ಬಿಟ್ಟರೆ ಉಗುರಿನ ನಿಧಾನ ಹರಿವು ಲೆಕ್ಕಕ್ಕೇ ಬರುವುದಿಲ್ಲ. ಕಲರ್ ಗೇನ್, ಅಂದರೆ ಬಣ್ಣದ ಸಂಕೇತದ ಬಲ, ಏರಿಸುತ್ತ ಹೋಗಿ, ಪರದೆಯಲ್ಲಿ ಬಣ್ಣದ ಮರಳು ಎರಚಿದಂತಾದಾಗ ಒಂದು ಹೆಜ್ಜೆ ಹಿಂದೆ ಬರಬೇಕು. ಕಲರ್ ಚೌಕ ಉಗುರಿನಡಿಗಷ್ಟೇ ಸಾಕು. ದೊಡ್ಡದು ಮಾಡಿದರೆ ಚಿತ್ರ ಕುಂಟುತ್ತದೆ. ರೋಗಿಯ ಕೈ ಕೆಳಗೆ ಮಡಿಸಿದ ಟವೆಲ್ ಇಟ್ಟಿರಿ, ಕೈ ಕಂಪಿಸಿದರೆ ಇಡೀ ಚೌಕ ಕೆಂಪು-ನೀಲಿ ಹೊಳೆಯುತ್ತದೆ.

ಮೊದಲು ನೋಡುವುದು ನೋವಿಲ್ಲದ ಕೈಯ ಅದೇ ಬೆರಳು. ಇದನ್ನು ಬಿಟ್ಟವರು ಎಡವಿದ ಹಾಗೆಯೇ, ಯಾಕೆಂದರೆ ಉಗುರಿನ ಸಹಜ ಚಿತ್ರವೇ ಸ್ವಲ್ಪ ಮೋಸಗಾರ. ಉದ್ದಕ್ಕೆ ಹಿಡಿದರೆ ಉಗುರು ಎರಡು ಬಿಳಿ ಗೆರೆ, ನಡುವೆ ತೆಳು ಕಪ್ಪು, ಟ್ರ್ಯಾಕಿನ ಹಳಿಗಳಂತೆ. ಅದರ ಕೆಳಗೆ ಬೂದುಗಪ್ಪು ಹಾಸು. ಅದರ ಕೆಳಗೆ ಹೊಳೆಯುವ ಬಿಳಿ ಗೆರೆ ತುದಿಮೂಳೆ, ಅದರಾಚೆ ಬರೀ ನೆರಳು. ಬುಡದ ಚರ್ಮದ ಮಡಿಕೆಯಡಿ ಉಗುರು ಹುಟ್ಟುವ ಬೇರು, ಅಂದರೆ ಮ್ಯಾಟ್ರಿಕ್ಸ್. ಅದು ಉಳಿದ ಹಾಸಿಗಿಂತ ಒಂದಿಷ್ಟು ಬಿಳಿ. ಗೊತ್ತಿಲ್ಲದವರು ಇದನ್ನೇ ಗಂಟು ಎಂದು ಅಳೆಯುತ್ತಾರೆ. ಇನ್ನೂ ಹಿಂದೆ, ತುದಿ ಗೆಣ್ಣಿನ ಮೇಲೆ ಬಂದು ಕೂರುವ ಸ್ನಾಯುರಜ್ಜು ಓರೆಯಾಗಿ ಹಿಡಿದರೆ ಕಪ್ಪಗಾಗಿ, ಇನ್ನೊಂದು ಗಂಟಿನ ವೇಷ ಹಾಕುತ್ತದೆ. ಪ್ರೋಬನ್ನು ಸ್ವಲ್ಪ ವಾಲಿಸಿ, ಬೆಳ್ಳಗಾದರೆ ಅದು ರಜ್ಜು. ಉಗುರು ಹಾಸಿನಿಂದ ಬಿಟ್ಟುಕೊಂಡಿದ್ದರೆ ಒಳಗೆ ಸೇರಿದ ಗಾಳಿ ಬೆಳ್ಳಗೆ ಹೊಳೆದು ಕೆಳಗಿನದನ್ನೆಲ್ಲ ಮುಚ್ಚುತ್ತದೆ. ಆಗ ಸಡಿಲ ಭಾಗವನ್ನು ಕತ್ತರಿಸಿಯೋ, ಸಂದಿಯಲ್ಲಿ ಜೆಲ್ ತುಂಬಿಯೋ ಮತ್ತೆ ನೋಡಬೇಕು.

ಅಡ್ಡಕ್ಕೆ, ಉದ್ದಕ್ಕೆ, ಗೆಣ್ಣಿನ ಗೆರೆಯಿಂದ ಉಗುರಿನ ತುದಿಯವರೆಗೆ, ಆಮೇಲೆ ಎರಡೂ ಪಕ್ಕದ ಮಡಿಕೆ, ಕೊನೆಗೆ ಬೆರಳು ಮಗುಚಿ ಕೆಳಗಿನ ಮೆತ್ತೆ. ಗ್ಲೋಮಸ್ ಗಂಟು ಮೆತ್ತೆಯಲ್ಲೂ ಪಕ್ಕದಲ್ಲೂ ಅಡಗಿರಬಹುದು. ಪೆನ್ನಿನ ಚುಕ್ಕೆ ಪರದೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಚುಕ್ಕೆಯ ಮೇಲೆ ನೆಟ್ಟಗೆ ಮಾಡಿದ ಜೆಮ್ ಕ್ಲಿಪ್ಪಿನ ತಂತಿ ಇಟ್ಟು ಒಂದು ಸಲ ನೋಡಿದರೆ, ತಂತಿಯ ಬಿಳಿ ಚುಕ್ಕೆ ಮತ್ತು ಅದರ ಬಾಲ ಯಾವ ನೇರ ಎಂಬುದನ್ನು ತೋರಿಸುತ್ತದೆ. ತಂತಿ ತೆಗೆದು ಅದೇ ನೇರದಲ್ಲಿ ಹುಡುಕಬೇಕು.

ಗ್ಲೋಮಸ್ ಸಿಕ್ಕಾಗ ಹೀಗೆ: ಅಂಡಾಕಾರದ, ಅಂಚು ಸ್ಪಷ್ಟವಾದ, ಸುತ್ತಲಿನ ಹಾಸಿಗಿಂತ ಕಪ್ಪಾದ ಗಂಟು, ಅನೇಕ ಸಲ 3ರಿಂದ 5 ಮಿ.ಮೀ., ಅಂದರೆ ರಾಗಿ ಕಾಳಿಗಿಂತ ದೊಡ್ಡದು, ಒಣ ಮೆಣಸಿನ ಕಾಳಿನಷ್ಟು. ಬಣ್ಣ ಹಾಕಿದ ಕೂಡಲೇ ಗಂಟಿನೊಳಗೆ ಕಿಕ್ಕಿರಿದ ಹರಿವು. ಕೆಳಗಿನ ಮೂಳೆಯ ಗೆರೆ ಬೋಗುಣಿಯಂತೆ ತಗ್ಗಾಗಿದ್ದರೆ ಬಹಳ ದಿನದಿಂದ ಕೂತಿದೆ ಎಂದರ್ಥ. ತಗ್ಗಿನ ಅಂಚು ನುಣುಪಾಗಿರಬೇಕು, ಕಡಿದಂತೆ ಒರಟಾಗಿದ್ದರೆ ಬೇರೆ ಯೋಚನೆ ಮಾಡಬೇಕು. ಬಣ್ಣ ಕಂಡದ್ದೆಲ್ಲ ರಕ್ತವಲ್ಲ ಎಂಬುದೂ ನೆನಪಿರಲಿ. ಒರಟು ಮೇಲ್ಮೈಯ ಹಿಂದೆ ಡಾಪ್ಲರ್ ಸುಳ್ಳು ಮಿನುಗು ಹಾಕುತ್ತದೆ. ಹರಿವಿನ ವೇಗವನ್ನು ಗ್ರಾಫಿನಂತೆ ಬಿಡಿಸುವ ಸ್ಪೆಕ್ಟ್ರಲ್ ಗೆರೆ ತೆಗೆದು ನೋಡಿ, ನಾಡಿಯಂತೆ ಏರಿಳಿದರೆ ರಕ್ತ, ನೆಟ್ಟಗೆ ಪಟ್ಟಿ ಬಡಿದಂತಿದ್ದರೆ ಮಿನುಗು. ಒಂದು ಗಂಟು ಸಿಕ್ಕಿತೆಂದು ಪ್ರೋಬ್ ಇಟ್ಟುಬಿಡಬಾರದು. ಎರಡನೆಯದು ಪಕ್ಕದಲ್ಲೇ ಇರಬಹುದು. ಹಲವು ಬೆರಳುಗಳಲ್ಲಿ ಇದ್ದರೆ, ಮೈಮೇಲೆ ಹಾಲುಗಾಫಿ ಬಣ್ಣದ ಮಚ್ಚೆಗಳೂ ಮೆತ್ತನೆ ಗಂಟುಗಳೂ ಇವೆಯೇ ನೋಡಬೇಕು. ನ್ಯೂರೋಫೈಬ್ರೊಮಟೋಸಿಸ್ ಒಂದನೇ ಬಗೆ ಎಂಬ ವಂಶವಾಹಿ ಕಾಯಿಲೆಯವರಲ್ಲಿ ಗ್ಲೋಮಸ್ ಗುಂಪಾಗಿ ಬರುವುದುಂಟು.

ಇಷ್ಟೆಲ್ಲ ಮಾಡಿಯೂ ಕಾಣದೇ ಹೋಗುವುದುಂಟು. ಒಂದು-ಎರಡು ಮಿ.ಮೀ. ಗಂಟು, ಹಾಸಿನಷ್ಟೇ ಬೂದಾಗಿದ್ದರೆ ತಪ್ಪಿಹೋಗುತ್ತದೆ. ಮೂರೂ ಲಕ್ಷಣ ಕೂಡಿರುವ ಬೆರಳಿಗೆ ‘ನಾರ್ಮಲ್’ ಎಂದಷ್ಟೇ ಬರೆದು ಕಳಿಸಬಾರದು. ಎಂ.ಆರ್.ಐ.ಗೆ ಬರೆಯುವಾಗಲೂ ಬೆರಳಿಗೆ ಸಣ್ಣ ಕಾಯಿಲ್ (ಸಂಕೇತ ಹಿಡಿಯುವ ಸುರುಳಿ), ತೆಳು ಪದರ ಎಂದು ಚೀಟಿಯಲ್ಲೇ ಸೂಚಿಸುತ್ತೇವೆ. ಪದರದ ದಪ್ಪ 3 ಮಿ.ಮೀ. ಇಟ್ಟರೆ 2 ಮಿ.ಮೀ. ಗಂಟು ಪದರದೊಳಗೇ ಕರಗುತ್ತದೆ, ರೋಗಿಯ ದುಡ್ಡೂ ಅದರ ಜೊತೆಗೆ.

ಉಗುರಿನ ಮೇಲೆ ಕಾಲುವೆ ಬಿದ್ದವರ ಕಥೆ ಇಷ್ಟು ಕಷ್ಟದ್ದಲ್ಲ. ನಡುವಯಸ್ಸು ದಾಟಿದವರು, ತುದಿ ಗೆಣ್ಣು ದಪ್ಪಗಾಗಿ ಸವೆದಿರುತ್ತದೆ, ಗೆಣ್ಣಿಗೂ ಉಗುರಿಗೂ ನಡುವೆ ಕಡಲೆಕಾಳಿನಂಥ ಹೊಳೆಯುವ ಗುಳ್ಳೆ. ಸೂಜಿ ಚುಚ್ಚಿದರೆ ಪಾರದರ್ಶಕ ಲೋಳೆ ಬರುತ್ತದೆ, ಕೆಲವು ವಾರದಲ್ಲಿ ಮತ್ತೆ ತುಂಬುತ್ತದೆ. ಇದು ಮಿಕ್ಸಾಯ್ಡ್ ಸಿಸ್ಟ್. ಮ್ಯಾಟ್ರಿಕ್ಸನ್ನು ಒತ್ತುವುದರಿಂದ ಉಗುರು ಹುಟ್ಟುವಾಗಲೇ ತಗ್ಗಾಗಿ ಹುಟ್ಟುತ್ತದೆ. ಪರದೆಯಲ್ಲಿ ಕರ್ರಗಿನ ಚೀಲ, ಒಳಗೆ ಹರಿವಿಲ್ಲ, ಹಿಂದಿನ ಭಾಗ ಬೆಳ್ಳಗೆ. ಇಲ್ಲಿ ನಮ್ಮ ಕೆಲಸ ಚೀಲ ತೋರಿಸುವುದಲ್ಲ, ಅದು ಕಣ್ಣಿಗೇ ಕಾಣುತ್ತದೆ. ಚೀಲದಿಂದ ಗೆಣ್ಣಿನ ಕೀಲಿಗೆ ಹೋಗುವ ಸಪೂರ ಕೊಳವೆಯನ್ನೂ ಕೀಲಿನ ಅಂಚಿನ ಮೂಳೆಮುಳ್ಳನ್ನೂ ಹುಡುಕುವುದು. ಬೆರಳನ್ನು ಮೆಲ್ಲಗೆ ಮಡಿಸಿ ಬಿಡಿಸಿದರೆ ಕೊಳವೆ ಎದ್ದು ಕಾಣುವುದುಂಟು. ಚೀಲ ತೆಗೆದು ಕೊಳವೆ ಬಿಟ್ಟರೆ ಅದು ತಿರುಗಿ ಬರುತ್ತದೆ. ಮನೆಯಲ್ಲಿ ಸೂಜಿ ಚುಚ್ಚುವವರಿಗೆ ಹೇಳಬೇಕಾದ್ದೂ ಇದೇ: ಅಮ್ಮ, ಆ ತೂತು ನೇರ ಕೀಲಿಗೆ ಹೋಗುತ್ತದೆ, ಕೀವಾದರೆ ಬೆರಳೇ ಮಡಿಸಲಾಗದಂತಾಗುತ್ತದೆ.

ಹೈಸ್ಕೂಲು ಮಕ್ಕಳು, ಕಾಲಿನ ಹೆಬ್ಬೆರಳು, ಉಗುರು ಒಂದು ಮೂಲೆಯಲ್ಲಿ ಎದ್ದಿದೆ, ಒಳಗೆ ಕಲ್ಲಿನಂಥ ಗಂಟು ಎಂದರೆ ಎಕ್ಸಾಸ್ಟೋಸಿಸ್, ಮೂಳೆಯದೇ ಮೊಳಕೆ. ಎಡವಿದ್ದು, ಚೆಂಡು ಒದ್ದದ್ದು ಎಂಬ ಹಿನ್ನೆಲೆ ಇದ್ದರೂ ಇರಬಹುದು. ಸ್ಕ್ಯಾನಿಂಗಿನಲ್ಲಿ ತುದಿಮೂಳೆಯ ಬಿಳಿ ಗೆರೆ ತುಂಡಾಗದೆ ಮೇಲೆದ್ದು ಉಗುರನ್ನು ತಳ್ಳುತ್ತಿರುತ್ತದೆ, ಕೆಳಗೆ ಗಾಢ ನೆರಳು. ಮೇಲೆ ಮೃದ್ವಸ್ಥಿಯ ಕಪ್ಪು ಟೊಪ್ಪಿ ಇರಬಹುದು, ಎಕ್ಸ್‌ರೇಯಲ್ಲಿ ಆ ಟೊಪ್ಪಿ ಕಾಣುವುದಿಲ್ಲ. ಆದರೂ ಒಂದು ಪಕ್ಕದ ಎಕ್ಸ್‌ರೇ ಇದಕ್ಕೆ ಬೇಕೇ ಬೇಕು. ನೇರ ಎಕ್ಸ್‌ರೇ ಒಂದನ್ನೇ ತೆಗೆದರೆ ಮೊಳಕೆ ಮೂಳೆಯ ಮೇಲೆಯೇ ಬಿದ್ದು ಮುಚ್ಚಿಹೋಗುತ್ತದೆ.

ಜೇನುಗೂಡಿನ ಅಂಚು ಓನಿಕೊಮ್ಯಾಟ್ರಿಕೋಮಾದ್ದು, ಅಂದರೆ ಉಗುರಿನ ಬೇರಿನಲ್ಲೇ ಹುಟ್ಟುವ ಗಂಟಿನದು. ಬಾರಾನ್ ಮತ್ತು ಕಿಂಟ್ ಎಂಬ ವೈದ್ಯರು ಇದನ್ನು ಬರೆದದ್ದು 1992ರಲ್ಲಿ, ಅಷ್ಟು ಈಚಿನದು. ಫಂಗಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಇದರಲ್ಲಿ ಇರುತ್ತಾರೆ. ಪರದೆಯಲ್ಲಿ ಉಗುರಿನ ಬುಡಕ್ಕೆ ಕಪ್ಪು ಗಂಟು, ಅದರಿಂದ ಬೆರಳುಗಳಂತೆ ಹೊರಟ ಎಳೆಗಳು ಉಗುರಿನ ಎರಡು ಪದರದ ನಡುವೆ ನುಗ್ಗಿ ಅಲ್ಲಿ ಬಿಳಿ ಗೆರೆ-ಚುಕ್ಕೆ ಮೂಡಿಸುತ್ತವೆ. ಹರಿವು ಕಡಿಮೆ. ಫೈಬ್ರೋಮಾ, ಅಂದರೆ ನಾರಿನ ಗಂಟು, ಕಪ್ಪಗೆ, ಗಟ್ಟಿಗೆ, ಹೆಚ್ಚು ಹರಿವಿಲ್ಲದೆ ಇರುತ್ತದೆ. ಅದೇ ಹಲವು ಉಗುರುಗಳ ಬುಡದಿಂದ ಮಾಂಸದ ಮುಳ್ಳಿನಂತೆ ಹೊರಟಿದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆ ಇದೆಯೇ ಎಂದು ವೈದ್ಯರು ನೋಡುತ್ತಾರೆ. ಇನ್ನು ನಮ್ಮ ಸೀಮೆಯ ವಿಶೇಷ, ಗಂಟೇ ಅಲ್ಲದ ಗಂಟು: ಮೆಣಸು ಕೊಯ್ಯುವ ಬಿದಿರೇಣಿಯ ಸಿಬಿರು ಉಗುರಿನಡಿ ಸೇರಿ ಮುರಿದು, ಮರೆತುಹೋಗಿರುತ್ತದೆ. ಎಕ್ಸ್‌ರೇಗೆ ಬಿದಿರು ಕಾಣದು. ಅಲ್ಟ್ರಾಸೌಂಡಿನಲ್ಲಿ ಬಿಳಿ ಕಡ್ಡಿ, ಸುತ್ತ ಕಪ್ಪು ಬಳೆ, ಬಳೆಯ ಸುತ್ತ ಹರಿವು. ಹರಿವು ಕಂಡಿತೆಂದು ಗ್ಲೋಮಸ್ ಎಂದು ಬರೆಯುವ ಮುನ್ನ ನಡುವೆ ಕಡ್ಡಿ ಇದೆಯೇ ಎಂದು ಪ್ರೋಬನ್ನು ಒಂದು ಸುತ್ತು ತಿರುಗಿಸಿ ನೋಡಿ.

ಒಂದು ವಿಷಯದಲ್ಲಿ ನಾವು ಹಟಮಾರಿಗಳು. ಉಗುರಿನಲ್ಲಿ ಕಂದು ಅಥವಾ ಕಪ್ಪು ಪಟ್ಟಿ ಬಂದಿದೆ, ಸ್ಕ್ಯಾನಿಂಗ್ ಮಾಡಿ ಭಯವಿಲ್ಲ ಎಂದು ಬರೆದುಕೊಡಿ ಎಂದರೆ ಬರೆಯುವುದಿಲ್ಲ. ಅಲ್ಟ್ರಾಸೌಂಡಿಗೆ ಬಣ್ಣ ಗೊತ್ತಿಲ್ಲ. ನಮ್ಮ ಮೈಬಣ್ಣದವರಿಗೆ ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಸಾಮಾನ್ಯ. ಆದರೆ ದೊಡ್ಡವರಲ್ಲಿ ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿರುವ ಪಟ್ಟಿ, ಕಪ್ಪು ಬುಡದ ಚರ್ಮಕ್ಕೂ ಹರಡಿರುವುದು, ಇವು ಮೆಲನೋಮಾ ಎಂಬ ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಗುರುತುಗಳು. ಅದಕ್ಕೆ ಡರ್ಮೋಸ್ಕೋಪಿ (ವಿಶೇಷ ಮಸೂರದಲ್ಲಿ ಹಿಗ್ಗಿಸಿ ನೋಡುವುದು) ಮತ್ತು ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು). ವರ್ಷಗಳಿಂದ ವಾಸಿಯಾಗದ ನರುಲಿಯಂಥದ್ದಕ್ಕೂ ಬಯಾಪ್ಸಿಯೇ. ನಮ್ಮ ರಿಪೋರ್ಟು ಎಷ್ಟೇ ಚೆನ್ನಾಗಿರಲಿ, ತೆಗೆದ ಗಂಟು ಫಾರ್ಮಲಿನ್ ಡಬ್ಬಿಯಲ್ಲಿ ಪೆಥಾಲಜಿಗೆ ಹೋಗಲೇಬೇಕು.

ರಿಪೋರ್ಟ್ ಬರೆಯುವುದರಲ್ಲಿ ಜಿಪುಣತನ ಬೇಡ. ‘ಉಗುರಿನಡಿ ಮೃದು ಅಂಗಾಂಶದ ಊತ’ ಎಂಬ ಒಂದು ಸಾಲು ಕತ್ತಿ ಹಿಡಿದವರಿಗೆ ಯಾವ ಉಪಯೋಗಕ್ಕೂ ಬಾರದು. ಅವರಿಗೆ ಬೇಕಾದ್ದು ದಾರಿ. ಯಾವ ಕೈ, ಯಾವ ಬೆರಳು (ಎರಡನೆಯ ಬೆರಳು, ಮೂರನೆಯ ಬೆರಳು ಎಂದು ಬರೆಯದೆ ತೋರುಬೆರಳು, ನಡುಬೆರಳು ಎಂದೇ ಹೆಸರು ಹಾಕಿ, ಎಣಿಕೆ ಎಲ್ಲಿಂದ ಎಂಬ ಗೊಂದಲದಲ್ಲಿ ಅವಘಡಗಳಾಗುತ್ತವೆ). ಮೂರು ದಿಕ್ಕಿನ ಅಳತೆ ಮಿ.ಮೀ.ನಲ್ಲಿ. ನಡುಗೆರೆಯಿಂದ ಯಾವ ಕಡೆಗೆ ಎಷ್ಟು, ಚರ್ಮದ ಮಡಿಕೆಯ ಅಂಚಿನಿಂದ ಹಿಂದೆಯೋ ಮುಂದೆಯೋ ಎಷ್ಟು. ಮುಖ್ಯವಾಗಿ, ಮ್ಯಾಟ್ರಿಕ್ಸಿನಲ್ಲಿಯೋ, ಹಾಸಿನಲ್ಲಿಯೋ, ಪಕ್ಕದಲ್ಲಿಯೋ. ನಡುವೆ ಇದ್ದರೆ ಉಗುರು ಎತ್ತಿ ಮೇಲಿನಿಂದ, ಪಕ್ಕದಲ್ಲಿದ್ದರೆ ಉಗುರು ಮುಟ್ಟದೆ ಬದಿಯಿಂದ ಹೋಗಬಹುದು. ಮ್ಯಾಟ್ರಿಕ್ಸ್ ಕೊಯ್ಯಬೇಕಾದರೆ ಮುಂದೆ ಉಗುರು ಸೀಳಿ ಬೆಳೆಯಬಹುದೆಂದು ರೋಗಿಗೆ ಮೊದಲೇ ಹೇಳಬೇಕು. ಆ ಮಾತು ನಮ್ಮ ಅಳತೆಯ ಮೇಲೆ ನಿಂತಿದೆ. ಮೂಳೆಯ ತಗ್ಗು, ಒಳಗಿನ ಹರಿವು, ಎರಡನೆಯ ಗಂಟು ಇದೆ ಅಥವಾ ಕಂಡಿಲ್ಲ ಎಂಬುದು ಕೊನೆಯಲ್ಲಿ.

ಆಪರೇಷನ್ನಿನ ದಿನ ಬೆಳಗ್ಗೆ ಇನ್ನೊಂದು ಸಲ ಐದು ನಿಮಿಷ ಬನ್ನಿ ಎನ್ನುತ್ತೇವೆ, ಚರ್ಮದ ಮೇಲೆ ಅಳಿಸದ ಇಂಕಿನಲ್ಲಿ ಗುರುತು ಹಾಕಲು. ಬೆರಳ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಎಲ್ಲಿ ನೋವು ಎಂದು ಕೇಳಿ ಪ್ರಯೋಜನವಿಲ್ಲ. ರಬ್ಬರ್ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದ ಮೇಲೆ ಕೆಂಪು-ನೀಲಿ ಗಂಟು ಬಿಳಿಚಿ ಹಾಸಿನೊಳಗೆ ಬೆರೆತುಬಿಡುತ್ತದೆ. ಗುರುತು ಇದ್ದರೆ ಹುಡುಕಾಟ ಕಡಿಮೆ, ಗಾಯ ಸಣ್ಣದು.

ಗ್ಲೋಮಸ್ ಪೂರ್ತಿ ಬಂದಿದ್ದರೆ ಹಳೆಯ ಸೆಳೆತ ಬೇಗ ಬಿಡುತ್ತದೆ, ಉಳಿಯುವುದು ಗಾಯದ ನೋವು. ಹೊಸ ಉಗುರಿಗೆ ಆರು ತಿಂಗಳು, ಕಾಲಿನದಾದರೆ ವರ್ಷ ಒಂದೂವರೆ ವರ್ಷ. ಮೂರು ತಿಂಗಳಾದರೂ ತಣ್ಣೀರಿಗೆ ಅದೇ ಹಳೆಯ ಸೆಳೆತ ಇದ್ದರೆ ಉಳಿದ ಚೂರೋ ಎರಡನೆಯ ಗಂಟೋ ಇದೆಯೆಂದು ಮತ್ತೆ ನೋಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿದರೆ ಗಾಯದ ಕಲೆಯೇ ಕಪ್ಪಗೆ, ರಕ್ತ ತುಂಬಿ, ಗಂಟಿನಂತೆ ಕಂಡು ಗೊಂದಲವಾಗುತ್ತದೆ. ಮರಳಿ ಬರುವಾಗ ಹಳೆಯ ಚಿತ್ರ ತನ್ನಿ. ಥರ್ಮಲ್ ಕಾಗದದ ಪ್ರಿಂಟು ಬೀರುವಿನಲ್ಲಿಟ್ಟರೂ ಮಾಸುತ್ತದೆ, ಕಾಫಿ ಕಣದ ಬಿಸಿಲಿನಲ್ಲಿ ಜೇಬಿನಲ್ಲಿದ್ದರೆ ಒಂದೇ ದಿನಕ್ಕೆ ಕರ್ರಗಾಗುತ್ತದೆ. ಕೊಟ್ಟ ದಿನವೇ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ, ಅಳತೆಯ ಅಂಕಿಗಳು ಕಾಣುವ ಹಾಗೆ.